34 ಕೆಜಿ ಇಳಿದ ಮೇಲೆ ಏನು?



ಹೈದರಾಬಾದಿನಲ್ಲಿ ನಮ್ಮ ಜೊತೆ ಮಾಲೆ ಹಾಕುವ ಹುಡುಗರು ನನ್ನನ್ನು ಪೂಜೆಯ ವಿಷಯ ಕೇಳುವುದು ಕಡಿಮೆ. ಅದಕ್ಕೆ ಗುರುಸ್ವಾಮಿ ಇದ್ದಾರೆ. ನನ್ನನ್ನು ಕೇಳುವುದು, "ಸ್ವಾಮಿ, ಅಷ್ಟು ತೂಕ ಹೇಗೆ ಇಳಿಸಿದ್ರಿ?" ಅಂತ. ಹಳೇ ಫೋಟೋ ನೋಡಿದವರು ಕೇಳುವುದು ಸಹಜ. 2022ರ ಡಿಸೆಂಬರಿನಲ್ಲಿ ಕನ್ನಿಸ್ವಾಮಿಯಾಗಿ ಮೊದಲ ಸಲ ಬೆಟ್ಟ ಹತ್ತಿದಾಗ ನಾನು 112 ಕೆಜಿ. 2024ರ ಡಿಸೆಂಬರಿನಲ್ಲಿ ಎರಡನೇ ಸಲ ಹತ್ತಿದಾಗ 78. ನಡುವೆ 2023ರಲ್ಲಿ ಅಜ್ಜಿ ತೀರಿಕೊಂಡಿದ್ದರಿಂದ ಮಾಲೆ ಹಾಕಲಿಲ್ಲ.

ಹೇಗೆ ಇಳಿಸಿದೆ ಅನ್ನೋದಕ್ಕೆ ಎರಡು ಸಾಲಿನ ಉತ್ತರ ಸಾಕು. ನೈಟ್ ಶಿಫ್ಟಿನಲ್ಲಿ ರಾತ್ರಿ ಎರಡು ಗಂಟೆಗೆ ತಿನ್ನುತ್ತಿದ್ದ ಬಿರಿಯಾನಿ, ಕುಡಿಯುತ್ತಿದ್ದ ಕೋಲಾ ಬಿಟ್ಟೆ. ರಾಯಚೂರಿನಿಂದ ಅವ್ವ ಕಳಿಸುವ ಜೋಳದ ರೊಟ್ಟಿ, ಬೇಳೆ, ಮೊಸರು, ತರಕಾರಿ ಲೆಕ್ಕ ಇಟ್ಟು ತಿಂದೆ. ದಿನಾ ನಡೆದೆ, ಆಮೇಲೆ ಓಡಿದೆ, ವೈದ್ಯರ ಹತ್ತಿರ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆ. ಇದರಲ್ಲಿ ಪವಾಡ ಇಲ್ಲ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. "ಮಾಲೆ ಹಾಕಿದ್ರೆ ತೂಕ ತಾನಾಗೇ ಇಳಿಯುತ್ತೆ" ಅಂತ ನಂಬಿ ಮಾಲೆ ಹಾಕುವ ಹುಡುಗರಿದ್ದಾರೆ. ಮೊದಲ ಸಲ 41 ದಿನದ ವ್ರತದಲ್ಲಿ ನನ್ನ ತೂಕ ಎರಡು ಕೆಜಿ ಏರಿತ್ತು! ಹೈದರಾಬಾದಿನಲ್ಲಿ ಕಾರ್ತಿಕ ಬಂದರೆ ದಿನಕ್ಕೊಂದು ಮನೆಯಲ್ಲಿ ಪಡಿಪೂಜೆ, ಪಡಿಪೂಜೆ ಅಂದಮೇಲೆ ಭಿಕ್ಷೆ, ಭಿಕ್ಷೆ ಅಂದಮೇಲೆ ಪುಳಿಯೋಗರೆ, ಗಾರಿಗೆ, ಪಾಯಸ. ಸಾತ್ವಿಕ ಆಹಾರ ಅನ್ನೋದು ಕಡಿಮೆ ಆಹಾರ ಅಂತ ಆಗಬೇಕಿಲ್ಲವಲ್ಲ.

ನಾನು ಬರೆಯಬೇಕು ಅಂದುಕೊಂಡದ್ದು ಯಾರೂ ಕೇಳದ ಪ್ರಶ್ನೆಯ ಬಗ್ಗೆ. ಇಳಿದ ಮೇಲೆ ಏನು?

ಸಪೋರ್ಟ್ ಕೆಲಸ ಮಾಡುವವರಿಗೆ ಒಂದು ಅಭ್ಯಾಸ ಇರುತ್ತದೆ. ಟಿಕೆಟ್ ಬಂತು, ಸಮಸ್ಯೆ ನೋಡಿದೆವು, ಸರಿ ಮಾಡಿದೆವು, ಕ್ಲೋಸ್. ಕಣ್ಣೆದುರಿನ ಕ್ಯೂನಲ್ಲಿ ಒಂದು ಸಾಲು ಕಡಿಮೆ ಆಗುತ್ತದೆ, ಮನಸ್ಸಿಗೆ ಸಮಾಧಾನ. ತೂಕವನ್ನೂ ನಾನು ಹಾಗೇ ನೋಡಿದ್ದೆ. 80ರ ಕೆಳಗೆ ಬಂದ ದಿನ ಟಿಕೆಟ್ ಕ್ಲೋಸ್ ಅಂತ. ಆ ದಿನ ಬಂತು. ತೂಕದ ಮಷೀನ್ ಮೇಲೆ 79.8 ನೋಡಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಸಂಜೆಯ ಹೊತ್ತಿಗೆ ಒಂಥರಾ ಖಾಲಿ. ಎರಡು ವರ್ಷದಿಂದ ಬೆಳಗ್ಗೆ ಎದ್ದ ಕೂಡಲೇ ಮಾಡಲು ಒಂದು ಯುದ್ಧ ಇತ್ತು, ಈಗ ಅದು ಇಲ್ಲ.

ದೇಹ ಮಾತ್ರ ಟಿಕೆಟ್ ಕ್ಲೋಸ್ ಮಾಡಿರುವುದಿಲ್ಲ. ಇದನ್ನು ನನಗೆ ವೈದ್ಯರು ವಿವರಿಸಿದರು. ತುಂಬಾ ತೂಕ ಇಳಿದಾಗ ಕೊಬ್ಬಿನ ಜೊತೆ ಸ್ವಲ್ಪ ಸ್ನಾಯುವೂ ಹೋಗುತ್ತದೆ. ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಎಬ್ಬಿಸುವ ಗ್ರೆಲಿನ್ ಹೆಚ್ಚುತ್ತದೆ. ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿಯೂ ಇಳಿಯುತ್ತದೆ, ಅದೂ ತೂಕಕ್ಕೆ ತಕ್ಕಷ್ಟಲ್ಲ, ಇನ್ನೂ ಹೆಚ್ಚು. ಅಮೆರಿಕದಲ್ಲಿ ತೂಕ ಇಳಿಸುವ ಸ್ಪರ್ಧೆಯ ಟಿವಿ ಕಾರ್ಯಕ್ರಮ ಒಂದಿತ್ತು, 'ದಿ ಬಿಗ್ಗೆಸ್ಟ್ ಲೂಸರ್' ಅಂತ. ಅದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಬಹುಪಾಲು ಮಂದಿಗೆ ಇಳಿದ ತೂಕದಲ್ಲಿ ದೊಡ್ಡ ಭಾಗ ವಾಪಸ್ ಬಂದಿತ್ತು. ಆರು ವರ್ಷ ಕಳೆದರೂ ಅವರ ದೇಹ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಅಂದರೆ ಇದು ರಿಪೇರಿ ಮಾಡಿ ಬಿಡುವ ಕೆಲಸವೇ ಅಲ್ಲ, ಪ್ರತಿ ವರ್ಷ ರಿನ್ಯೂ ಮಾಡುವ ಎಎಂಸಿ.

ಇದನ್ನು ಕೇಳಿ ನನಗೆ ಭಯ ಆಯಿತು. ಭಯ ಆದಾಗ ಮನುಷ್ಯ ಇನ್ನೊಂದು ನಂಬರ್ ಹುಡುಕುತ್ತಾನೆ. ನಾನು ಹುಡುಕಿದ್ದು 41.

ಎರಡನೇ ಯಾತ್ರೆಗೆ ನಾನು ಹಾಕಿಕೊಂಡ ಹೊಸ ಗುರಿ ಅದು. ಪಂಪಾ ಗಣಪತಿ ಗುಡಿಯಿಂದ ಮರಕ್ಕೂಟ್ಟಂವರೆಗೆ 41 ನಿಮಿಷದಲ್ಲಿ ಹತ್ತಬೇಕು. ಮಂಡಲದ ಸಂಖ್ಯೆಯಲ್ವಾ, ಭಕ್ತಿಯೂ ಆಯ್ತು, ಫಿಟ್‌ನೆಸ್ಸೂ ಆಯ್ತು ಅಂತ ಒಳಗೊಳಗೇ ಖುಷಿ. ವ್ರತದ ದಿನಗಳಲ್ಲಿ ಬರಿಗಾಲಲ್ಲಿ ಆಫೀಸಿನ ಮೆಟ್ಟಿಲು ಹತ್ತಿ ಇಳಿದೆ. (ಬರಿಗಾಲಲ್ಲಿ ಸರ್ವರ್ ರೂಮಿಗೆ ಹೋಗಿ ನೋಡಿ, ನೆಲ ಐಸ್ ಇದ್ದಂಗೆ ಇರುತ್ತದೆ.) ವಾಚಿನಲ್ಲಿ ಟೈಮ್ ನೋಡಿಕೊಂಡೆ. ಇರುಮುಡಿ ಕಟ್ಟುವ ದಿನ ಗುರುಸ್ವಾಮಿ ಅಕ್ಕಿ ಹಾಕಲು ಹೇಳಿದಾಗಲೂ ನನ್ನ ತಲೆಯಲ್ಲಿ, ಇದರ ತೂಕ ಎಷ್ಟಾಗಬಹುದು, ನಿಮಿಷಕ್ಕೆ ಎಷ್ಟು ಸೆಕೆಂಡ್ ತಡ ಆಗಬಹುದು ಅನ್ನೋ ಲೆಕ್ಕ ಓಡುತ್ತಿತ್ತು. ಹೇಳಲು ನಾಚಿಕೆ, ಆದರೆ ಹಾಗಿತ್ತು.

ಇಲ್ಲಿ ಮೊದಲ ಯಾತ್ರೆಯ ಒಂದು ವಿಷಯ ಹೇಳಬೇಕು. 2022ರಲ್ಲಿ 112 ಕೆಜಿ ಹೊತ್ತು ನೀಲಿಮಲೆ ಹೇಗೋ ಮುಗಿಸಿದ್ದೆ. ಅಪ್ಪಾಚಿಮೇಡಿನಲ್ಲಿ ಕಣ್ಣು ಕತ್ತಲೆ ಬಂತು. ಎದೆ ಹೊರಗೇ ಬಂದುಬಿಡುತ್ತದೇನೋ ಅನ್ನುವಷ್ಟು ಬಡಿತ. ದಾರಿ ಬದಿಯ ಆಕ್ಸಿಜನ್ ಪಾರ್ಲರಿನಲ್ಲಿ ಕೂರಿಸಿ ಮೂಗಿಗೆ ಮಾಸ್ಕ್ ಹಾಕಿದರು. ಯಾರೋ ಡೋಲಿ ಮಾಡಿಸೋಣ ಅಂದರು. ನಾನು ಬೇಡ ಅಂದೆ. ದುಡ್ಡಿಗಾಗಿ ಅಲ್ಲ. ನಾಲ್ಕು ಜನ ಹೆಗಲು ಕೊಟ್ಟು ಎತ್ತಿದಾಗ ಅವರ ಮುಖದಲ್ಲಿ ನನ್ನ ಭಾರ ಕಾಣುತ್ತದಲ್ಲ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ನಾನು ಹಾಗೆ ಕೂತಿರುವಾಗ ನಮ್ಮ ಕಡೆಯ ಭಾಷೆಯಲ್ಲೇ ಒಂದು ದನಿ ಕೇಳಿತು. ಯಾವುದೋ ಗುಂಪಿನ ಹುಡುಗ, ನನ್ನ ವಯಸ್ಸಿನವನೇ, ಸಣ್ಣ ಮೈ, ನಿಲ್ಲದೆ ಹತ್ತಿಕೊಂಡು ಹೋಗುತ್ತಾ ಅಂದ: "ನಲವತ್ತೊಂದು ದಿನ ಏನ್ ವ್ರತ ಮಾಡೀರಿ ಸ್ವಾಮಿ, ಬರೀ ಊಟಾನೇ ಮಾಡೀರೇನು?" ಅವನ ಗೆಳೆಯರು ನಕ್ಕರು. ಗುರುಸ್ವಾಮಿ ನನ್ನ ಪಕ್ಕದಲ್ಲೇ ಕೂತಿದ್ದರು, ಕೇಳಿಸದವರ ಹಾಗೆ ನನ್ನ ಇರುಮುಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಮುಕ್ಕಾಲು ಗಂಟೆ ಕೂತರು. "ಹೋಗೋಣ" ಅಂತ ಒಂದು ಸಲವೂ ಅನ್ನಲಿಲ್ಲ. ಕೊನೆಗೆ ನಾನೇ ಎದ್ದೆ.

ಎರಡು ವರ್ಷ ಆ ಮಾತು ನನ್ನ ಕಿವಿಯಲ್ಲಿತ್ತು. ಟ್ರೆಡ್‌ಮಿಲ್ ಮೇಲೆ ಸುಸ್ತಾದಾಗಲೆಲ್ಲ ಅದೇ ಮಾತು, ಇನ್ನೂ ಐದು ನಿಮಿಷ.

ಈಗ 2024ಕ್ಕೆ ಬರುತ್ತೇನೆ. ಶಬರಿ ಎಕ್ಸ್‌ಪ್ರೆಸ್ ಹತ್ತಿ ಚೆಂಗನ್ನೂರಿನಲ್ಲಿ ಇಳಿದು, ಬಸ್ಸಿನಲ್ಲಿ ಪಂಪಾ ತಲುಪಿ, ಸ್ನಾನ ಮುಗಿಸಿ, ಗಣಪತಿಗೆ ಕೈಮುಗಿದು ನಾನು ವಾಚ್ ಒತ್ತಿದೆ. ನಮ್ಮ ಗುಂಪಿನಲ್ಲಿ ಹದಿನಾಲ್ಕು ಜನ, ಅವರಲ್ಲಿ ಮೂವರು ಕನ್ನಿಸ್ವಾಮಿಗಳು. ಒಬ್ಬರು ಸ್ವಲ್ಪ ದಪ್ಪ, ನನಗಿಂತ ಎರಡು ವರ್ಷ ಚಿಕ್ಕವರು, ಬೀದರ್ ಕಡೆಯವರು. ನಮ್ಮ ಕನ್ನಿಸ್ವಾಮಿ ಅಂತಲೇ ಕರೆಯುತ್ತೇನೆ. ರೈಲಿನಲ್ಲಿ ಇಡೀ ದಿನ ನನ್ನ ಪಕ್ಕ ಕೂತು, "ಸ್ವಾಮಿ ನೀವು ಇದ್ದೀರಲ್ಲ, ನನಗೆ ಧೈರ್ಯ" ಅಂದಿದ್ದರು. ನೀಲಿಮಲೆಯ ಮೊದಲ ಏರಿನಲ್ಲೇ ಅವರು ನಿಂತರು. ಕೈಪಿಡಿ ಹಿಡಿದು, ಬಾಯಿ ತೆರೆದು ಉಸಿರಾಡುತ್ತಾ, ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ಸ್ವಲ್ಪ ನಿಲ್ತೀರಾ ಅನ್ನೋ ನೋಟ.

ವಾಚಿನಲ್ಲಿ 11 ನಿಮಿಷ ಆಗಿತ್ತು. ನಾನು ಅಂದೆ: "ನಲವತ್ತೊಂದು ದಿನ ಏನ್ ಮಾಡಿದ್ರಿ ಸ್ವಾಮಿ? ನಡೀರಿ ನಡೀರಿ." ನಗುತ್ತಲೇ ಅಂದೆ. ಅಂದು ಮುಂದೆ ಹೋದೆ.

ಹತ್ತು ಮೆಟ್ಟಿಲು ಹತ್ತಿದ ಮೇಲೆ ಗೊತ್ತಾಯಿತು ಅದು ಯಾರ ಮಾತು ಅಂತ. ಆದರೂ ನಿಲ್ಲಲಿಲ್ಲ. ಇದನ್ನು ಬರೆಯುವಾಗ ನನಗೆ ಕಷ್ಟ ಆಗುವುದು ಆ ಮಾತಿಗಿಂತ ಹೆಚ್ಚಾಗಿ ಇದು. ಗೊತ್ತಾದ ಮೇಲೂ ನಾನು ನಿಲ್ಲಲಿಲ್ಲ. ಮರಕ್ಕೂಟ್ಟಂ ತಲುಪಿದಾಗ 44 ನಿಮಿಷ. ಗುರಿ ಮೂರು ನಿಮಿಷಕ್ಕೆ ತಪ್ಪಿತು. ಮುಂದೆ ಕ್ಯೂ. ಕ್ಯೂನಲ್ಲಿ ಐದು ಗಂಟೆ ನಿಂತೆ! ಉಳಿಸಿದ ನಿಮಿಷಗಳನ್ನು ಏನು ಮಾಡಬೇಕಿತ್ತೋ ಅಯ್ಯಪ್ಪನಿಗೇ ಗೊತ್ತು.

ಐದು ಗಂಟೆ ನಿಂತವನಿಗೆ ಯೋಚನೆ ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಮಾಲೆ ಹಾಕಿದ ದಿನದಿಂದ ನಾವು ಎಲ್ಲರನ್ನೂ ಸ್ವಾಮಿ ಅನ್ನುತ್ತೇವೆ. ದೇವರಿಗೂ ಅದೇ ಹೆಸರು, ಆಟೋ ಓಡಿಸುವ ಭಕ್ತನಿಗೂ ಅದೇ, ಮ್ಯಾನೇಜರಿಗೂ ಅದೇ, ಆರು ವರ್ಷದ ಮಗುವಿಗೂ ಅದೇ. ಚಿಕ್ಕವರ ಕಾಲಿಗೆ ದೊಡ್ಡವರು ಬೀಳುತ್ತೇವೆ. ನಾನು ಆಡಿದ ಮಾತಿನಲ್ಲಿ 'ಸ್ವಾಮಿ' ಅನ್ನೋ ಪದ ಸರಿಯಾಗಿ ಜಾಗದಲ್ಲೇ ಇತ್ತು. ಹಾಗಾದರೆ ಆ ಪದ ನನ್ನ ಬಾಯಲ್ಲಿ ಏನು ಕೆಲಸ ಮಾಡುತ್ತಿತ್ತು?

ಹದಿನೆಂಟು ಮೆಟ್ಟಿಲ ಮೇಲೆ, ಸನ್ನಿಧಾನದ ಎದುರಿಗೆ 'ತತ್ತ್ವಮಸಿ' ಅಂತ ಬರೆದಿದೆ. ನೀನೂ ಅದೇ, ಅಂತ. ಎಲ್ಲರೂ ಫೋಟೋದಲ್ಲಿ ನೋಡಿರುತ್ತೀರಿ. ಅದು ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದ್ದು. ಊರಿಗೆ ಬಂದ ಮೇಲೆ ನಾನು ಆ ಅಧ್ಯಾಯದ ಕನ್ನಡ ಅನುವಾದ ಹುಡುಕಿ ಓದಿದೆ. ಸಂಸ್ಕೃತ ನನಗೆ ಬರುವುದಿಲ್ಲ, ಡಿಪ್ಲೊಮಾ ಓದಿದವನು. ತಿಳಿದಷ್ಟು ಹೇಳುತ್ತೇನೆ. ಶ್ವೇತಕೇತು ಅನ್ನೋ ಹುಡುಗ 12ನೇ ವಯಸ್ಸಿಗೆ ಗುರುಗಳ ಹತ್ತಿರ ಹೋಗಿ, ಎಲ್ಲ ವೇದ ಕಲಿತು 24ಕ್ಕೆ ವಾಪಸ್ ಬರುತ್ತಾನೆ. ಬಂದವನ ತಲೆ ತಿರುಗಿರುತ್ತದೆ, ತನಗೆ ಎಲ್ಲ ಗೊತ್ತು ಅಂತ. ಅಪ್ಪ ಉದ್ದಾಲಕ ಅದನ್ನು ನೋಡಿಯೇ ಪಾಠ ಶುರುಮಾಡುವುದು. ಅಂದರೆ ತತ್ತ್ವಮಸಿ ಅನ್ನೋ ಮಾತನ್ನು ಮೊದಲು ಕೇಳಿಸಿಕೊಂಡವನು ಒಂದು ಗುರಿ ಮುಟ್ಟಿ ಬೀಗುತ್ತಿದ್ದ ಹುಡುಗ! ನನಗೆ ಆಗ 26.

ಅದೇ ಅಧ್ಯಾಯದಲ್ಲಿ ಇನ್ನೊಂದು ಕಥೆ ಇದೆ, ನಮ್ಮಂಥ ಉಪವಾಸ ಮಾಡುವವರಿಗೆ ಬೇಕಾದದ್ದು. ಅಪ್ಪ ಮಗನಿಗೆ ಹದಿನೈದು ದಿನ ಊಟ ಬಿಡು, ನೀರು ಮಾತ್ರ ಕುಡಿ ಅನ್ನುತ್ತಾನೆ. ಹದಿನೈದು ದಿನ ಆದ ಮೇಲೆ ಕಲಿತದ್ದನ್ನು ಹೇಳು ಅಂದರೆ ಶ್ವೇತಕೇತುವಿಗೆ ಏನೂ ನೆನಪಾಗುವುದಿಲ್ಲ. ಊಟ ಮಾಡಿ ಬಾ ಅನ್ನುತ್ತಾನೆ. ಉಂಡು ಬಂದ ಮೇಲೆ ಎಲ್ಲವೂ ನೆನಪಿಗೆ ಬರುತ್ತದೆ. ಮನಸ್ಸು ನಿಂತಿರುವುದೂ ಅನ್ನದ ಮೇಲೆ ಅಂತ ತೋರಿಸುವುದಕ್ಕೆ ಹಾಗೆ ಮಾಡಿಸಿದ್ದು. ದೇಹವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ ಅನ್ನುವವರು ಈ ಕಥೆಯನ್ನು ಹೇಳುವುದು ನಾನು ಕೇಳಿಲ್ಲ.

ಇದು ನನಗೆ ಬೇಕಾಗಿತ್ತು. ಯಾಕೆಂದರೆ ಯಾತ್ರೆಯಿಂದ ಬಂದ ಮೇಲೆ ಒಂದಷ್ಟು ದಿನ ನಾನು ಇನ್ನೊಂದು ತುದಿಗೆ ಹೋಗಿದ್ದೆ. ಆತ್ಮ ಮುಖ್ಯ, ದೇಹ ಸುಳ್ಳು, ಯಾವ ಗುರಿಯೂ ಬೇಡ ಅಂತ ವ್ಯಾಯಾಮ ಬಿಟ್ಟೆ. ನಾಲ್ಕು ತಿಂಗಳಲ್ಲಿ ಏಳು ಕೆಜಿ ಬಂತು. ವೈರಾಗ್ಯದ ಹೆಸರಿನಲ್ಲಿ ರಾತ್ರಿ ಎರಡು ಗಂಟೆಯ ಬಿರಿಯಾನಿಯೂ ವಾಪಸ್ ಬಂತು.

ಗುರುಸ್ವಾಮಿಗೆ ಇದನ್ನು ಹೇಳಿದಾಗ ಅವರು ಉಪನಿಷತ್ತಿನ ಕಡೆ ಹೋಗಲಿಲ್ಲ. ತೆಂಗಿನಕಾಯಿಯ ಮಾತಾಡಿದರು. ನೆಯ್ಯಭಿಷೇಕದ ಕಾಯಿ ನಮಗೆಲ್ಲ ಗೊತ್ತು. ಕಾಯಿ ದೇಹ, ಒಳಗೆ ತುಂಬುವ ತುಪ್ಪ ಜೀವ. ಸನ್ನಿಧಾನದಲ್ಲಿ ಕಾಯಿ ಒಡೆದು ತುಪ್ಪ ಸ್ವಾಮಿಗೆ, ಚಿಪ್ಪು ಆಳಿಯ ಬೆಂಕಿಗೆ. ಅದನ್ನು ಎಲ್ಲ ಗುರುಸ್ವಾಮಿಗಳೂ ಹೇಳುತ್ತಾರೆ. ನಮ್ಮವರು ಕೇಳಿದ್ದು ಬೇರೆ. "ಬೆಂಕಿಗೆ ಹಾಕೋ ಕಾಯಿನ ಆರಿಸುವಾಗ ನಾನು ಎಷ್ಟು ಹೊತ್ತು ತಗೋತೀನಿ, ನೋಡೀಯಿಲ್ಲ?" ಹೌದು. ಅಂಗಡಿಯಲ್ಲಿ ಒಂದೊಂದು ಕಾಯಿ ತಟ್ಟಿ, ಅಲ್ಲಾಡಿಸಿ, ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡುತ್ತಾರೆ. ನಾರೆಲ್ಲ ಹೆರೆದು ನಯ ಮಾಡುತ್ತಾರೆ. ಕಣ್ಣು ತೆರೆದು ನೀರು ಬಸಿದು, ತುಪ್ಪ ತುಂಬಿ, ಮುಚ್ಚಿದ ಮೇಲೆ ಸೋರುತ್ತದಾ ಅಂತ ಮತ್ತೆ ನೋಡುತ್ತಾರೆ. "ಕಾಯಿ ದಪ್ಪ ಐತೋ ಸಣ್ಣ ಐತೋ ಯಾರ್ ಕೇಳ್ತಾರ? ಅಲ್ಲೀ ಮಟ ಸೋರಬಾರದು, ಅಷ್ಟ" ಅಂದರು.

ಈ ಗುರುಸ್ವಾಮಿಯ ಬಗ್ಗೆ ಎರಡು ಮಾತು. ಅವರಿಗೆ ಈಗ 61. ಐವತ್ತು ದಾಟಿದಾಗ ಅವರೂ ನೂರು ಕೆಜಿ ಮೀರಿದ್ದರು, ಸಕ್ಕರೆ ಕಾಯಿಲೆ ಬಂದಿತ್ತು. ಮೂರು ವರ್ಷದಲ್ಲಿ ನಿಧಾನವಾಗಿ 26 ಕೆಜಿ ಇಳಿಸಿದರು. ಇದು ನನಗೆ ಗೊತ್ತಾಗಿದ್ದು ಕಳೆದ ವರ್ಷ! ಅವರಾಗಿ ಯಾರಿಗೂ ಹೇಳಿಲ್ಲ, ಹಳೇ ಫೋಟೋ ತೋರಿಸಿಲ್ಲ. ಇಳಿದ ಮೇಲೆ ನೀವು ಏನು ಗುರಿ ಇಟ್ಟುಕೊಂಡ್ರಿ ಅಂತ ಕೇಳಿದೆ. ಎರಡು ಹೇಳಿದರು. ಒಂದು, ನೆಲದ ಮೇಲೆ ಕೂತು ಕೈ ಊರದೆ ಏಳಬೇಕು. ಭಜನೆಗೆ ಕೂತವರು ಏಳುವಾಗ ಪಕ್ಕದವರ ಹೆಗಲು ಹಿಡಿಯುವುದು ಅವರಿಗೆ ಸರಿಬರುತ್ತಿರಲಿಲ್ಲವಂತೆ. ಎರಡನೆಯದು, ಹದಿನೆಂಟನೇ ವರ್ಷದ ತೆಂಗಿನ ಸಸಿ. ಹದಿನೆಂಟು ಸಲ ಹೋದವರು ಸನ್ನಿಧಾನಕ್ಕೆ ಸಸಿ ಒಯ್ಯುವ ಪದ್ಧತಿ ಇದೆಯಲ್ಲ. ಕಳೆದ ಸಲ ಅವರದು ಹದಿನೇಳು. ತಲೆ ಮೇಲೆ ಇರುಮುಡಿ, ಒಂದು ಕೈ ಅದಕ್ಕೆ, ಇನ್ನೊಂದು ಕೈಯಲ್ಲಿ ಸಸಿ. ಕೈಪಿಡಿ ಹಿಡಿಯಲು ಕೈಯೇ ಖಾಲಿ ಇರುವುದಿಲ್ಲ. ಅದಕ್ಕೆ ಅವರು ಅಪಾರ್ಟ್‌ಮೆಂಟಿನ ನಾಲ್ಕು ಮಹಡಿಯನ್ನು ತಲೆ ಮೇಲೆ ಮಡಚಿದ ಕಂಬಳಿ, ಕೈಯಲ್ಲಿ ಅರ್ಧ ಬಕೆಟ್ ನೀರು ಹಿಡಿದು ಹತ್ತುತ್ತಾರೆ. ನೀರು ತುಳುಕಿದರೆ ಮೆಟ್ಟಿಲು ತಾವೇ ಒರೆಸುತ್ತಾರೆ. ವಾಚ್ಮನ್ ಮೊದಲು ಹೆದರಿದ್ದನಂತೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ವಯಸ್ಸಾದವರಿಗೆ ಅದರ ಮೇಲೆ ಸಮತೋಲನದ ಅಭ್ಯಾಸ. ಗುರುಸ್ವಾಮಿ ಅದನ್ನು ಓದಿಲ್ಲ. ಅವರ ಬಕೆಟ್ಟಿನಲ್ಲಿ ಎಲ್ಲವೂ ಇದೆ.

ಅವರ ಗುರಿಗೂ ನನ್ನ 41 ನಿಮಿಷಕ್ಕೂ ಏನು ವ್ಯತ್ಯಾಸ ಅಂತ ನಾನು ತುಂಬಾ ಯೋಚಿಸಿದೆ. ಎರಡೂ ಬೆಟ್ಟದ್ದೇ. ಎರಡರಲ್ಲೂ ಬೆವರಿದೆ. ಅವರಿಗೆ ತಪ್ಪಿದರೆ ಬೇಜಾರಾಗುವುದಿಲ್ಲ ಅಂತಲೂ ಇಲ್ಲ. ನನಗೆ ಕಂಡದ್ದು ಇಷ್ಟು. ನನ್ನ ಗುರಿ ಒಬ್ಬನಿಂದ ದೂರ ಓಡುವುದಕ್ಕೆ ಇತ್ತು. ಆ ಒಬ್ಬ, ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಅಪ್ಪಾಚಿಮೇಡಿನಲ್ಲಿ ಕೂತಿದ್ದ 112 ಕೆಜಿಯ ಹುಡುಗ. ಅವನ ಬಗ್ಗೆ ನನಗೆ ಅಸಹ್ಯ ಇತ್ತು. ಅಸಹ್ಯ ಇದ್ದದ್ದರಿಂದ ದಪ್ಪ ಇರುವ ಯಾರನ್ನು ಕಂಡರೂ ಅವನೇ ಎದುರು ಬಂದಂತೆ ಆಗುತ್ತಿತ್ತು, ಬೇಗ ದಾಟಿ ಹೋಗಬೇಕು ಅನಿಸುತ್ತಿತ್ತು. ಕನ್ನಿಸ್ವಾಮಿ ನನ್ನ ಕಡೆ ನೋಡಿದಾಗ ನಾನು ನೋಡಿದ್ದು ಅವರನ್ನಲ್ಲ.

ಆ ಹುಡುಗ ಯಾರು? 41 ದಿನ ತಣ್ಣೀರು ಸ್ನಾನ ಮಾಡಿದವನು. ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬಿಟ್ಟು ಶರಣು ಕೂಗಿದವನು. ಹೆದರಿದ್ದರೂ ಬೆಟ್ಟ ಹತ್ತಿದವನು. ನಿಜ ಹೇಳಬೇಕೆಂದರೆ ಅವನ ಯಾತ್ರೆ ನನ್ನದಕ್ಕಿಂತ ಚೆನ್ನಾಗಿತ್ತು. ಮೇಲಿರುವ ತತ್ತ್ವಮಸಿ ಅನ್ನೋ ಅಕ್ಷರಗಳನ್ನು ಅವನೂ ತಲೆ ಎತ್ತಿ ಓದಿದ್ದ, ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. 78 ಕೆಜಿಯವನು ಓದುವಾಗ ವಾಚ್ ಚಾರ್ಜ್ ನೋಡುತ್ತಿದ್ದ.

ನಮ್ಮ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬ ಸ್ವಾಮಿ ಒಂದು ಪ್ರಶ್ನೆ ಹಾಕಿದರು. ಅದನ್ನು ಬಿಟ್ಟು ಮುಂದೆ ಹೋದರೆ ಮೋಸ ಆಗುತ್ತದೆ. "ಆ ಹುಡುಗನ ಮಾತಿನಿಂದಲೇ ಅಲ್ವಾ ನೀವು 34 ಕೆಜಿ ಇಳಿಸಿದ್ದು? ನಿಮ್ಮ ಬಿಪಿ ಸರಿಹೋಯ್ತು, ಗೊರಕೆ ಹೋಯ್ತು. ಹಾಗಾದ್ರೆ ಆ ಮಾತು ಒಳ್ಳೇದೇ ಮಾಡ್ತಲ್ಲ. ನೀವು ಕನ್ನಿಸ್ವಾಮಿಗೆ ಅಂದದ್ದೂ ಒಳ್ಳೇದಕ್ಕೇ ಆಗಬಹುದು."

ಸುಳ್ಳು ಅನ್ನಲು ನನಗೆ ಬಾಯಿ ಬರಲಿಲ್ಲ. ಅವಮಾನ ಕೆಲಸ ಮಾಡುತ್ತದೆ. 112ರಿಂದ ಸುಮಾರು 90ರವರೆಗೆ ನನ್ನನ್ನು ಎಳೆದುಕೊಂಡು ಬಂದದ್ದು ಹೆಚ್ಚುಕಡಿಮೆ ಅದೇ. ಆದರೆ ಆ ಒಂದು ಮಾತೇ ಎಳೆಯಿತಾ? ನನಗೆ ಜಿಮ್ ಫೀಸು ಕಟ್ಟುವಷ್ಟು ಸಂಬಳ ಇತ್ತು. ರೊಟ್ಟಿ ಕಳಿಸುವ ಅವ್ವ ಇದ್ದಳು. ಬೆಳಗ್ಗೆ ಹೊದಿಕೆ ಎಳೆದು ಎಬ್ಬಿಸುವ ರೂಮ್‌ಮೇಟ್ ಇದ್ದ. ಬೈಯದೆ ವಿವರಿಸುವ ವೈದ್ಯರು ಸಿಕ್ಕರು. ಅವಮಾನ ಬಿತ್ತು, ಕೆಳಗೆ ಹಿಡಿಯಲು ಇಷ್ಟು ಕೈ ಇದ್ದವು. ನಮ್ಮ ಕನ್ನಿಸ್ವಾಮಿಯ ವಿಷಯ ನನಗೆ ಆಮೇಲೆ ಗುರುಸ್ವಾಮಿಯಿಂದ ಗೊತ್ತಾಯಿತು. ಉಸಿರಾಟದ ತೊಂದರೆಗೆ ಅವರು ಬಹಳ ದಿನ ಸ್ಟೆರಾಯ್ಡ್ ಮಾತ್ರೆ ತಗೊಂಡಿದ್ದರು, ತೂಕ ಏರಿದ್ದು ಅದರಿಂದ. ಅವರು 41 ದಿನ ಏನು ಮಾಡಿದ್ದರು? ವೈದ್ಯರನ್ನು ಕೇಳಿಕೊಂಡು, ಇನ್‌ಹೇಲರ್ ಜೇಬಿನಲ್ಲಿ ಇಟ್ಟುಕೊಂಡು, ದಿನಾ ಸಂಜೆ ಒಂದು ಫ್ಲೈಓವರ್ ಹತ್ತಿ ಇಳಿದಿದ್ದರು. ನನ್ನ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇತ್ತು. ಹೇಳಲು ಉಸಿರು ಇರಲಿಲ್ಲ, ಕೇಳಲು ನಾನು ನಿಂತಿರಲಿಲ್ಲ.

ಇನ್ನೊಂದು ವಿಷಯ. ಅವಮಾನ ಕೆಲಸ ಮಾಡಿ ಮನೆಗೆ ಹೋಗುವುದಿಲ್ಲ. 78ಕ್ಕೆ ಬಂದ ಮೇಲೂ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದುದು ಆ ಬೆಟ್ಟದ ಹುಡುಗನ ಕಣ್ಣೇ. ಹೊಟ್ಟೆಯ ಮೇಲೆ ಸಡಿಲವಾಗಿ ಉಳಿದ ಚರ್ಮ ಕಾಣುತ್ತದೆ ಅಂತ ಪಂಪೆಯಲ್ಲಿ ಸ್ನಾನ ಮಾಡುವಾಗ ಟವೆಲ್ ಸುತ್ತಿಕೊಂಡೇ ಮುಳುಗಿದೆ. ಪಂಪೆಯಲ್ಲಿ! ಅಲ್ಲಿ ಯಾರು ಯಾರ ಹೊಟ್ಟೆ ನೋಡುತ್ತಾರೆ ಸ್ವಾಮಿ? ಇದು ಒಳ್ಳೇದು ಮಾಡಿತು ಅನ್ನುವುದಾದರೆ ಅದರ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಬಡ್ಡಿಯನ್ನು ನಾನು ಇನ್ನೊಬ್ಬರಿಂದ ವಸೂಲಿ ಮಾಡಿದೆ.

ಹಾಗಂತ ಕೆಲವರು ಅನ್ನುವ ಹಾಗೆ ಯಾರಿಗೂ ಏನೂ ಹೇಳಬಾರದು, ಇದ್ದ ಹಾಗೇ ಇರಲಿ ಅನ್ನೋದಕ್ಕೂ ನನ್ನ ಒಪ್ಪಿಗೆ ಇಲ್ಲ. ನಮ್ಮಲ್ಲಿ ಕೆಲವು ಸ್ವಾಮಿಗಳು ಸಕ್ಕರೆ ಮಾತ್ರೆ ನುಂಗಿ ಇಡೀ ದಿನ ಉಪವಾಸ ಇರುತ್ತಾರೆ. ಬೆಟ್ಟದ ಮೇಲೆ ತಲೆ ಸುತ್ತಿ ಬಿದ್ದರೆ ಭಕ್ತಿ ಅನ್ನುತ್ತಾರೆ. ಅವರಿಗೆ ಹೇಳಲೇಬೇಕು, ವೈದ್ಯರನ್ನು ಕೇಳದೆ ಹೀಗೆ ಮಾಡಬೇಡಿ ಅಂತ. ಎದೆನೋವು ಅಂದವರಿಗೆ ಶರಣು ಕೂಗುತ್ತಾ ನಡೀರಿ ಅನ್ನಬಾರದು, ದಾರಿಯಲ್ಲಿರುವ ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಆದರೆ ಹೇಳುವವನು ಪಕ್ಕದಲ್ಲಿ ಕೂತಿರಬೇಕು. ಹತ್ತಿಕೊಂಡು ಹೋಗುತ್ತಾ ಹೇಳುವ ಮಾತು ಸಲಹೆ ಆಗುವುದಿಲ್ಲ.

ಈಗ ನನ್ನ ತೂಕ 83. ವೈದ್ಯರು ಇದಕ್ಕಿಂತ ಸ್ವಲ್ಪ ಕಡಿಮೆ ಇದ್ದರೆ ಒಳ್ಳೇದು, ಆದರೆ ಏರಿಳಿಯದೆ ಇದ್ದರೆ ಇನ್ನೂ ಒಳ್ಳೇದು ಅಂದಿದ್ದಾರೆ. ವಾರಕ್ಕೊಂದು ಸಲ ಮಾತ್ರ ಮಷೀನ್ ಹತ್ತುತ್ತೇನೆ. ಈ ವರ್ಷದ ಗುರಿಗಳನ್ನು ಬರೆದಿಟ್ಟಿದ್ದೇನೆ. ಸ್ಕ್ವಾಟ್, ಭಾರ ಹಿಡಿದು ನಡೆಯುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು, ಅದಕ್ಕೆ ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಇರಬೇಕು. ಗುರುಸ್ವಾಮಿಯ ಸೈಡ್ ಬ್ಯಾಗ್ ನಾನು ಹೊರಬೇಕು, ಅವರ ಎರಡೂ ಕೈ ಈ ಸಲ ತುಂಬಿರುತ್ತವೆ. ಮತ್ತೆ ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ನಾನು ನಡೆಯಬೇಕು. ಇದು ಹೇಳಿದಷ್ಟು ಸುಲಭ ಅಲ್ಲ ಅಂತ ಅಭ್ಯಾಸ ಮಾಡುವಾಗ ಗೊತ್ತಾಯಿತು. ನಿಧಾನವಾಗಿ ಹತ್ತುವುದು, ನಿಲ್ಲುವುದು, ಮತ್ತೆ ಹತ್ತುವುದು ಕಾಲಿಗೆ ಓಡುವುದಕ್ಕಿಂತ ಹೆಚ್ಚು ದಣಿವು. ಅದಕ್ಕೂ ಹೆಚ್ಚು ದಣಿವು ಮನಸ್ಸಿಗೆ. ಮುಂದೆ ಹೋಗುವವರ ಬೆನ್ನು ನೋಡಿದರೆ ಈಗಲೂ ಕಾಲು ತಾನಾಗೇ ವೇಗ ಹಿಡಿಯುತ್ತದೆ. ಒಳಗಿನ ಆ ವಾಚ್ ಇನ್ನೂ ನಿಂತಿಲ್ಲ.

ಕನ್ನಿಸ್ವಾಮಿಯ ವಿಷಯ ಹೇಳಿ ಮುಗಿಸುತ್ತೇನೆ. ಆ ದಿನ ಅವರು ಗುರುಸ್ವಾಮಿಯ ಜೊತೆ ನನಗಿಂತ ಮೂರು ಗಂಟೆ ತಡವಾಗಿ ಮೆಟ್ಟಿಲು ಹತ್ತಿದರು. ದರ್ಶನ ಆಯಿತು, ಅಭಿಷೇಕ ಆಯಿತು. ಮಾಲೆ ತೆಗೆಯುವ ದಿನ ನಾನು ಅವರ ಕಾಲಿಗೆ ಬಿದ್ದೆ. "ಇರ್ಲಿ ಬಿಡ್ರಿ ಸ್ವಾಮಿ" ಅಂದರು, ಮುಖ ನೋಡದೆ. ಒಂದು ವಾರದಲ್ಲಿ ನಮ್ಮ ವಾಟ್ಸಾಪ್ ಗ್ರೂಪ್ ಬಿಟ್ಟರು. ನಾನು ಆರು ತಿಂಗಳು ಫೋನ್ ಮಾಡಲಿಲ್ಲ, ಏನು ಹೇಳುವುದು ಅಂತ ಗೊತ್ತಿರಲಿಲ್ಲ. ಕಳೆದ ತಿಂಗಳು ಮಾಡಿದೆ. ಈ ವರ್ಷ ಮಾಲೆ ಹಾಕ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ ಜೊತೆ ನಡೆದ್ರೆ ನಿಮಗೆ ನಾಲ್ಕು ಗಂಟೆ ಆಗ್ತದ ನೋಡ್ರಿ" ಅಂದರು. ಆಗಲಿ ಅಂದೆ. "ನೋಡೋಣ್ರಿ" ಅಂದು ಇಟ್ಟರು.

ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ನಾನು ಮತ್ತು ಗುರುಸ್ವಾಮಿ ದುರ್ಗಂ ಚೆರುವು ಹತ್ತಿರ ನಡೆಯುತ್ತೇವೆ. ಈ ವರ್ಷ ಮಾಲೆ ಹಾಕುವ ಸ್ವಾಮಿಗಳು, ಅದರಲ್ಲೂ ಮೊದಲ ಸಲ ಹೋಗುವವರು ಬನ್ನಿ. ಬಂದವರಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರ ವೇಗಕ್ಕೆ ಎಲ್ಲರೂ ನಡೆಯುತ್ತೇವೆ. ನೀರಿನ ಬಾಟಲಿ ತನ್ನಿ. ಬಕೆಟ್ ಗುರುಸ್ವಾಮಿ ತರುತ್ತಾರೆ.

ಸ್ವಾಮಿ ಶರಣಂ.